ಲೈಟ್ ಹತ್ತಿದ ಮ್ಯಾಲ

ನನ್ನ ಕೇಳಬ್ಯಾಡ್ರಿ, ನಾ ಬರೇ ಕೊನಿ ನೋಡಾಕಿ.
ಮೂರನೇ ಪಡದೆದ ಬಾಗಲ ಹಿಂದ
ಕಸಬರಗಿ, ಕರೇ ಚೀಲ ಹಿಡಕೊಂಡು
ಹತ್ತು ನಿಮಿಷ ಮೊದಲ ಬಂದು ನಿಂತಿರತೀನಿ.
ಈ ವಾರ ನಾಕು ಪಿಚ್ಚರ್ ಮುಗದ್ವು ನನ್ನ ಮುಂದ:
ಎರಡರಾಗ ಮದಿವಿ, ಒಂದರಾಗ ಹೆಣ,
ಇನ್ನೊಂದರಾಗ ಏನಾತೋ ತಿಳೀಲಿಲ್ಲ,
ಒಬ್ಬಾಂವ ಸಮುದ್ರದ ಕಡೆ ನೋಡಕೋತ ನಿಂತ,
ನಿಂತೇ ಇದ್ದ, ಹೆಸರೆಲ್ಲಾ ಮ್ಯಾಲೇರಿ ಹೋದ್ವು.

ಆದ್ರ ಪಿಚ್ಚರ್ ಹೆಂಗೈತಿ ಅನ್ನೋದು
ನೆಲ ಹೇಳತೈತಿ ನನಗ.
ಹೆಣದ್ದರಾಗ ಪಾಪ್‌ಕಾರ್ನ್ ಅರ್ಧರ್ಧ ಡಬ್ಬಿ ಹಂಗ ಉಳದಿತ್ತು,
ಕೈ ಒಳಗ ಹೋಗಿ ಬಾಯಿ ಮರತಿತ್ತು.
ಛಲೋ ಪಿಚ್ಚರ್.
ಕೆಂಪು ಪೋಸ್ಟರಿನ ಮದಿವೀದು,
ಡಬ್ಬಿ ತಳ ನೆಕ್ಕಿ ಇಟ್ಟಂಗಿತ್ತು;
ಮಂದಿ ತಿನ್ನಾಕ ಬಂದಿದ್ರು, ತಿಂದು ಹೋದ್ರು.
ಹಿಂದಿನ ವಾರದ ದೆವ್ವದ್ದಂತೂ ಬ್ಯಾಡೇ ಬ್ಯಾಡ.
ಅಂಜಿ ಕೋಲಾ ಚೆಲ್ಲತಾರ,
ಜಿ ಸಾಲಿನಾಗ ಚಪ್ಪಲಿ ಅಂಟಿ ಅಂಟಿ ಕೀಳತಾವ.
ಡೈರೆಕ್ಟರ್ ಎಷ್ಟು ಅಂಜಸ್ತಾನೋ
ನನ್ನ ಸೊಂಟ ಅಷ್ಟು ಹಿಡೀತೈತಿ.

ಮೊದಲಿಂದು ಬೇಕಂದ್ರ ನೀಲಗಂಗಾನ ಕೇಳ್ರಿ.
ಬ್ಯಾಟರಿ ಹಿಡದು, ತಡಾ ಮಾಡಿ ಬಂದವ್ರನ್ನ ಕುಂಡ್ರಸಾಕಿ.
ಅಕಿ ಲೆಕ್ಕದಾಗ ಹೀರೋ ಅಂದ್ರ ಎಲ್ಲಾ ಸಣ್ಣ ಹುಡುಗರು,
ಸಾಲಿಗೆ ಓಡತಿರತಾರ, ಇಲ್ಲಾ ಅಪ್ಪನ್ನ ಕಳಕೋತಿರತಾರ.
ನಡಬರಕಿಂದು ಬಾರ್ಶಿಯ ಉಜ್ವಲಾ ತಾಈ.
ಸಮೋಸಾ ತಾಟು ಹಿಡದು ಮಂದಿಗೆ ಅಡ್ಡಾಗಧಂಗ
ಬಗ್ಗಿ ಬಗ್ಗಿ ಹೋಗತಾಳ,
ಅಕಿಗೆ ಜಗಳ ಕಾಣತೈತಿ, ಹಾಡು ಕೇಳತೈತಿ, ಅಷ್ಟ.

ರಾತ್ರಿ ಒಂದೂವರಿಗೆ, ಖರಾಡಿಯಿಂದ ಗಾಡಿತಳಕ್ಕ
ಮೂರೂ ಮಂದಿ ಒಂದ ರಿಕ್ಷಾದಾಗ.
ಅಕಿ ಮೊದಲು, ಇಕಿ ನಡು, ನಾ ಕೊನಿ,
ತುಂಡು ಕೂಡಿಸಿ ಪಿಚ್ಚರ್ ಹೊಲೀತೀವಿ,
ಹೊಲಿಗಿ ಕೂಡಲಿಲ್ಲಂದ್ರ ಜಗಳಾಡತೀವಿ.
“ಸಣ್ಣಾಂವಿದ್ದಾಗ ಎಡಚ ಇದ್ದ” ಅಂತಾಳ ನೀಲಗಂಗಾ.
“ಸಾಯೋಮುಂದ ಬಲಗೈಲೆ ಗುಂಡು ಹಾರಿಸಿದನವ್ವಾ.”
“ನಡಬರಕ ಕೈ ಮುರೀತು” ಅಂತ ಉಜ್ವಲಾ ತಾಈ ತೀರ್ಪು ಕೊಡತಾಳ,
ನೋಡಿದ್ಲೋ, ಆಗಿಂದಾಗ ಕಟ್ಟಿದ್ಲೋ ದೇವರಿಗೇ ಗೊತ್ತು.
ಶೌಕತ್ ಚಾಚಾ ಕನ್ನಡಿಯೊಳಗಿಂದ ಕೇಳಿದ:
“ಅವನ ತಾಯಿ ಏನಾದ್ಲು?”

ತಾಯಿನ್ನ ನಾವ್ಯಾರೂ ನೋಡಿರಲಿಲ್ಲ.
ಹಂಗಂತ ಬಿಡಾಕ ಬರತೈತೇನು?
ಮುಂಢ್ವಾ ಚೌಕ ದಾಟೋದ್ರಾಗ ಹುಟ್ಟಿಸಿದ್ವಿ.
ಮೊಣಕಾಲು ನೋವು ಕೊಟ್ವಿ, ಒಗಿಯೂ ಬಟ್ಟಿ ಕೊಟ್ವಿ,
ಮಗಗ ಗುಂಡು ಬೀಳೋ ಹೊತ್ತಿಗೆ
ನಳದ ಮುಂದ ಪಾಳಿಗೆ ನಿಲ್ಲಿಸಿದ್ವಿ, ಕೊಡ ಖಾಲಿ.
ಚಾಚಾ ಉಸರು ಬಿಟ್ಟ.
ಅವತ್ತು ಹತ್ತು ರೂಪಾಯಿ ಕಡಿಮಿ ತಗೊಂಡ.

ಮೊನ್ನೆ ಮಂಗಳವಾರ ಮ್ಯಾನೇಜರ್ ಪಾಸ್ ಕೊಟ್ಟ,
ಅದ ಹೆಣದ ಪಿಚ್ಚರಿಗೆ, ಮುಂಜಾನಿ ಆಟ.
ಪೂರಾ ಕುಂತು ನೋಡಿದ್ವಿ.
ಕುರ್ಚಿ ಭಾಳ ಛಲೋ ಐತಿ ನೋಡ್ರಿ,
ಬೆನ್ನು ಹಿಂದ ಹೋಗತೈತಿ, ಕಾಲು ತಾನ ಮ್ಯಾಲ ಬರತೈತಿ.
ಇಂಟರ್‌ವಲ್‌ದಾಗ ಯಾರೋ ಬಿಟ್ಟ ಕಪ್ಪು ನನ್ನ ಕೈಯಾಗಿತ್ತು,
ಯಾವಾಗ ಬಂತೋ!
ನೀಲಗಂಗಾ ಕೈಮ್ಯಾಲ ಪಟ್ ಅಂತ ಹೊಡದ್ಲು.

ಅಂವ ಎಡಚ ಅಲ್ಲ. ಎಡಚ ಹುಡುಗ ಅವನ ತಮ್ಮ.
ಕೈನೂ ಮುರೀಲಿಲ್ಲ.
ತಾಯಿ ಫೋಟೋದಾಗಿದ್ಲು, ಮಾಲಿ ಹಾಕಿತ್ತು.
“ಇಷ್ಟ ಏನು?” ಅಂದ್ಲು ಉಜ್ವಲಾ ತಾಈ ಲೈಟ್ ಹತ್ತಿದಾಗ.
ಅಕಿ ಉಡಿಯಾಗ ಡಬ್ಬಿ ಖಾಲಿ ಇತ್ತು,
ಉಪ್ಪು ಸುದ್ದಾ ಉಳಿದಿರಲಿಲ್ಲ.

ರಾತ್ರಿ ಚಾಚಾ ಕೇಳಿದ, ಹೆಂಗಿತ್ತು ಪೂರಾ ನೋಡಿದ್ದು?
ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ವಿ.
ನಮ್ಮದ ಹೇಳಿದ್ವಿ, ಮತ್ತ ಮೊದಲಿಂದ,
ಎಡಚ, ಮುರದ ಕೈ, ಎಲ್ಲಾ.
ಈ ಸಲ ನಳದಾಗ ನೀರು ಬಂತು.